ಹೆಣ್ಣುಕರು ‘90 ಪರ್ಸೆಂಟ್’ ಅಂದ್ರೆ ಏನು? ಫ್ಲೋ ಸೈಟೋಮೆಟ್ರಿಯ ಅಂಕಿಗಳನ್ನು ಓದೋದು ಹೇಗೆ

2024ರ ಅಕ್ಟೋಬರ್ 5ರಂದು ಪ್ರಧಾನಿ ನರೇಂದ್ರ ಮೋದಿ ಮಹಾರಾಷ್ಟ್ರದ ವಾಶಿಮ್‌ನಲ್ಲಿ ದೇಶದಲ್ಲೇ ತಯಾರಾದ ಲಿಂಗ ನಿರ್ಧರಿತ ವೀರ್ಯ ತಂತ್ರಜ್ಞಾನಕ್ಕೆ ಚಾಲನೆ ಕೊಟ್ಟರು. ಹಸುವಿನ ಕೃತಕ ಗರ್ಭಧಾರಣೆಗೆ ಬಳಸುವ ವೀರ್ಯದಲ್ಲಿ ಹೆಣ್ಣುಕರು ಹುಟ್ಟಿಸುವ ವೀರ್ಯಾಣುಗಳನ್ನೇ ಆರಿಸಿ ಸ್ಟ್ರಾಗೆ, ಅಂದರೆ ಒಂದು ಡೋಸ್ ಹಿಡಿಯುವ ತೆಳು ಕೊಳವೆಗೆ, ತುಂಬುವ ವಿಧಾನ ಇದು. ಡೋಸಿಗೆ ಸುಮಾರು 200 ರೂಪಾಯಿ ಕಡಿಮೆಯಾಗುತ್ತದೆ ಅಂತ ಸರ್ಕಾರ ಹೇಳಿತು. ಈ ವಿಷಯ ಬಂದಾಗಲೆಲ್ಲ ಜನರ ಬಾಯಲ್ಲಿ ಓಡಾಡೋದು ಒಂದೇ ಅಂಕಿ: ಹುಟ್ಟುವ ಕರುಗಳಲ್ಲಿ 90 ಪರ್ಸೆಂಟ್ ಹೆಣ್ಣು.

ಕೊಡಗಿನ ಸೋಮವಾರಪೇಟೆ ಕಡೆ ಎರಡು ಹಸು ಕಟ್ಟಿಕೊಂಡಿರುವ ಮನೆಗೆ ಈ ಅಂಕಿ ತಲುಪುವಾಗ ಅದರ ಅರ್ಥ ಅರ್ಧ ಸೋರಿಹೋಗಿರುತ್ತದೆ. ಕೆಲವರು ಅದನ್ನು ಗ್ಯಾರಂಟಿ ಅಂದುಕೊಳ್ಳುತ್ತಾರೆ, ಹೋರಿಕರು ಹುಟ್ಟಿದರೆ ಮೋಸ ಆಯ್ತು ಅಂತಾರೆ. ಇನ್ನು ಕೆಲವರಿಗೆ ಕಾನೂನಿನ ಅನುಮಾನ. ಸ್ಕ್ಯಾನಿಂಗ್ ಸೆಂಟರಿನಲ್ಲಿ ಲಿಂಗ ಪತ್ತೆ ಅಪರಾಧ ಅಂತ ಬೋರ್ಡ್ ಹಾಕಿರುವಾಗ ಇಲ್ಲಿ ಸರ್ಕಾರವೇ ಮಾಡಿಸೋದು ಹೇಗೆ? ಇದಕ್ಕೆ ಉತ್ತರ ಸುಲಭ. ಪಿಸಿಪಿಎನ್‌ಡಿಟಿ ಕಾಯ್ದೆ ಮನುಷ್ಯರಿಗೆ ಮಾತ್ರ. ಅದಕ್ಕೆ ಬಂದ ತಿದ್ದುಪಡಿ ಗರ್ಭ ಕಟ್ಟುವ ಮೊದಲು ಮಗುವಿನ ಲಿಂಗ ಆರಿಸೋದನ್ನೂ ನಿಷೇಧಿಸಿದೆ, ಅಂದರೆ ಇದೇ ವಿಧಾನವನ್ನು ಮನುಷ್ಯರ ವೀರ್ಯಕ್ಕೆ ಬಳಸಿ ಗಂಡೋ ಹೆಣ್ಣೋ ಆರಿಸಿದರೆ ಅದು ಅಪರಾಧವೇ. ದನಗಳಿಗೆ ಆ ಕಾಯ್ದೆ ತಾಗುವುದಿಲ್ಲ. ಇದು ಕುಲಾಂತರಿಯಾ ಅಂತ ಕೇಳುವವರೂ ಇದ್ದಾರೆ. ಅಲ್ಲ. ಯಾವ ಜೀನನ್ನೂ ಮುಟ್ಟುವುದಿಲ್ಲ, ಇರುವುದರಲ್ಲಿ ಆರಿಸುತ್ತಾರೆ ಅಷ್ಟೇ.

ಕಷ್ಟದ ಪ್ರಶ್ನೆ ಆ 90 ಎಲ್ಲಿಂದ ಬಂತು ಅನ್ನೋದು. ಅದಕ್ಕೆ ಉತ್ತರ ಹುಡುಕಬೇಕಾದರೆ ಹಿಂದಿರುವ ಯಂತ್ರ, ಅಂದರೆ ಫ್ಲೋ ಸೈಟೋಮೀಟರ್, ಹೇಗೆ ಕೆಲಸ ಮಾಡುತ್ತದೆ ಅಂತ ನೋಡಬೇಕು. ಎಚ್‌ಐವಿ ಇರುವವರ ಸಿಡಿ4 (ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ) ರಿಪೋರ್ಟು, ರಕ್ತ ಕ್ಯಾನ್ಸರಿನ ರಿಪೋರ್ಟು, ಕಾಫಿ ಗಿಡದ ಡಿಎನ್‌ಎ ಲೆಕ್ಕ, ಇವೆಲ್ಲ ಬರೋದು ಇದೇ ಜಾತಿಯ ಯಂತ್ರದಿಂದ. ಗೊಂದಲವೂ ಎಲ್ಲ ಕಡೆ ಒಂದೇ ತರಹದ್ದು.

ಯಂತ್ರ ಮಾಡೋದು ಏನು

ಕುಶಾಲನಗರದ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳ ಕಲರ್ ಸಾರ್ಟರ್ ನೋಡಿದವರಿಗೆ ಇದನ್ನು ಹೇಳೋದು ಸುಲಭ. ಬೀಜಗಳು ಸಾಲಾಗಿ ಬೀಳುತ್ತವೆ, ಬೆಳಕು ಬೀಳುತ್ತದೆ, ಸೆನ್ಸರ್ ಬಣ್ಣ ಓದುತ್ತದೆ, ಕಪ್ಪು ಬೀಜ ಬಂದರೆ ಗಾಳಿ ಊದಿ ಆಚೆ ತಳ್ಳುತ್ತದೆ. ಫ್ಲೋ ಸೈಟೋಮೀಟರಿನಲ್ಲಿ ಬೀಜದ ಜಾಗದಲ್ಲಿ ಜೀವಕೋಶ ಇರುತ್ತದೆ. ದ್ರವದ ತೆಳುವಾದ ಧಾರೆಯಲ್ಲಿ ಕೋಶಗಳು ಒಂದರ ಹಿಂದೆ ಒಂದು ಲೇಸರ್ ಮುಂದೆ ಹಾದುಹೋಗುತ್ತವೆ. ಮುಂದಕ್ಕೆ ಚದುರುವ ಬೆಳಕು ಕೋಶದ ಗಾತ್ರದ ಅಂದಾಜು ಕೊಡುತ್ತದೆ, ಪಕ್ಕಕ್ಕೆ ಚದುರುವ ಬೆಳಕು ಒಳಗಿನ ಒರಟುತನದ ಅಂದಾಜು. ಕೋಶಕ್ಕೆ ಮೊದಲೇ ಅಂಟಿಸಿದ ಹೊಳೆಯುವ ಬಣ್ಣ ಎಷ್ಟು ಹೊಳೆಯಿತು ಅನ್ನೋದನ್ನು ಬೇರೆ ಡಿಟೆಕ್ಟರ್‌ಗಳು ಅಳೆಯುತ್ತವೆ. ಸೆಕೆಂಡಿಗೆ ಸಾವಿರಾರು ಕೋಶ, ಪ್ರತಿಯೊಂದಕ್ಕೂ ಒಂದು ಸಾಲು ಅಂಕಿ.

ಇಲ್ಲಿ ಒಂದು ವಿಷಯ ಗಮನಿಸಬೇಕು. ‘ಇದು ಹೆಣ್ಣು, ಇದು ಗಂಡು’ ಅಂತ ಯಂತ್ರ ಎಲ್ಲೂ ಹೇಳುವುದಿಲ್ಲ, ‘ಇದು ಕ್ಯಾನ್ಸರ್ ಕೋಶ’ ಅಂತಲೂ ಹೇಳುವುದಿಲ್ಲ. ಅದು ಹೊಳಪಿನ ಅಂಕಿ ಕೊಟ್ಟು ಸುಮ್ಮನಾಗುತ್ತದೆ. ಆ ಅಂಕಿಗಳ ಚುಕ್ಕೆಚಿತ್ರದ ಮೇಲೆ ಒಬ್ಬ ಮನುಷ್ಯ, ಅಥವಾ ಒಬ್ಬ ಮನುಷ್ಯ ಬರೆದ ಪ್ರೋಗ್ರಾಂ, ಗೆರೆ ಎಳೆದು ಈ ಕಡೆ ಬಿದ್ದದ್ದು ಇದು, ಆ ಕಡೆ ಬಿದ್ದದ್ದು ಅದು ಅಂತ ತೀರ್ಮಾನಿಸುತ್ತದೆ. ಈ ಗೆರೆಗೆ ಗೇಟ್ ಅಂತಾರೆ. ರಿಪೋರ್ಟಿನಲ್ಲಿ ಬರುವ ಪ್ರತಿ ಪರ್ಸೆಂಟೂ ಒಂದು ಗೇಟಿನ ಫಲ.

90ರ ಹುಟ್ಟು

ಹಸುವಿನ ಜಾತಿಯಲ್ಲಿ ಎಕ್ಸ್ ಕ್ರೋಮೋಸೋಮ್ ಇರುವ (ಹೆಣ್ಣುಕರು ಹುಟ್ಟಿಸುವ) ವೀರ್ಯಾಣುವಿನಲ್ಲಿ ವೈ ಇರುವ (ಗಂಡುಕರು ಹುಟ್ಟಿಸುವ) ವೀರ್ಯಾಣುವಿಗಿಂತ ಡಿಎನ್‌ಎ ಸುಮಾರು 3.8 ಪರ್ಸೆಂಟ್ ಜಾಸ್ತಿ. ಅದಷ್ಟೇ ವ್ಯತ್ಯಾಸ. ಹೋಕ್ಸ್ಟ್ 33342 ಅನ್ನೋ ಬಣ್ಣ ಜೀವಂತ ವೀರ್ಯಾಣುವಿನ ಒಳಗೆ ಹೋಗಿ ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ಅತಿನೇರಳೆ ಲೇಸರ್ ಬಿದ್ದಾಗ ನೀಲಿಯಾಗಿ ಹೊಳೆಯುತ್ತದೆ. ಎಕ್ಸ್ ಇದ್ದದ್ದು ಒಂಚೂರು ಜಾಸ್ತಿ ಹೊಳೆಯುತ್ತದೆ. ಈ ದಾರಿ ಹಿಡಿದು ಅಮೆರಿಕದ ಬೆಲ್ಟ್ಸ್‌ವಿಲ್ ಸಂಶೋಧನಾ ಕೇಂದ್ರದ ಲ್ಯಾರಿ ಜಾನ್ಸನ್ ತಂಡ 1989ರಲ್ಲಿ ಮೊಲದ ಮರಿಗಳನ್ನು ಹುಟ್ಟಿಸಿ ತೋರಿಸಿತು. ಆಮೇಲೆ ಅದು ದನಗಳಿಗೆ ಬಂತು.

3.8 ಪರ್ಸೆಂಟ್ ಅನ್ನೋದು ಎಷ್ಟು ಸಣ್ಣ ವ್ಯತ್ಯಾಸ ಅಂತ ಗೊತ್ತಾಗಬೇಕಾದರೆ ಹರಡು ಅನ್ನೋದನ್ನು ತಿಳಿಯಬೇಕು. ಒಂದೇ ತರಹದ ಕೋಶಗಳನ್ನು ಅಳೆದರೂ ಎಲ್ಲದರ ಹೊಳಪು ಒಂದೇ ಬರುವುದಿಲ್ಲ, ಸರಾಸರಿಯ ಆಚೆ ಈಚೆ ಹರಡಿಕೊಳ್ಳುತ್ತದೆ. ಈ ಹರಡನ್ನು ಸರಾಸರಿಯ ಪರ್ಸೆಂಟಾಗಿ ಹೇಳಿದರೆ ಅದಕ್ಕೆ ಸಿವಿ ಅಂತ ಹೆಸರು. ಎರಡು ಗುಂಪಿನ ಸರಾಸರಿ ನಡುವೆ 3.8 ಪರ್ಸೆಂಟ್ ಅಂತರ ಇದೆ, ಹರಡು ಗಂಟೆಯಾಕಾರದಲ್ಲಿದೆ, ಸರಿಯಾಗಿ ನಡುವೆ ಗೆರೆ ಎಳೆದಿದ್ದೇವೆ ಅಂತಿಟ್ಟುಕೊಳ್ಳಿ. ಸಿವಿ 1 ಪರ್ಸೆಂಟ್ ಇದ್ದರೆ ನೂರಕ್ಕೆ ಸುಮಾರು 3 ತಪ್ಪು ಕಡೆ ಬೀಳುತ್ತವೆ. ಸಿವಿ 2 ಆದರೆ ಸುಮಾರು 17. ಸಿವಿ 5 ಆದರೆ ಸುಮಾರು 35, ಅಂದರೆ ನಾಣ್ಯ ಚಿಮ್ಮೋದಕ್ಕಿಂತ ಸ್ವಲ್ಪ ವಾಸಿ ಅಷ್ಟೇ.

ಹಾಗಾಗಿ ಇಲ್ಲಿ ಎಂಜಿನಿಯರಿಂಗ್ ಎಲ್ಲ ಖರ್ಚಾಗಿರೋದು ಹರಡು ಕಡಿಮೆ ಮಾಡೋದಕ್ಕೆ. ಹೋರಿಯ ವೀರ್ಯಾಣುವಿನ ತಲೆ ಚಪ್ಪಟೆ, ಅಂಚಿನಿಂದ ನೋಡಿದರೆ ಒಂದು ಹೊಳಪು, ಅಗಲದಿಂದ ನೋಡಿದರೆ ಇನ್ನೊಂದು. ಆದ್ದರಿಂದ ನಾಝಲ್ ಆಕಾರವನ್ನೇ ಬದಲಿಸಿ ತಲೆ ಒಂದೇ ದಿಕ್ಕಿಗೆ ತಿರುಗುವಂತೆ ಮಾಡುತ್ತಾರೆ, ತಿರುಗದೇ ಇದ್ದದ್ದನ್ನು ಲೆಕ್ಕದಿಂದ ಬಿಡುತ್ತಾರೆ. ಸತ್ತ ವೀರ್ಯಾಣುಗಳೂ ಹೊಳೆದು ಗೊಂದಲ ಮಾಡುತ್ತವೆ. ಅದಕ್ಕೆ ಕೆಂಪು ಫುಡ್ ಕಲರ್ ಸೇರಿಸುತ್ತಾರೆ. ಪೊರೆ ಹರಿದ ಸತ್ತ ಕೋಶದೊಳಗೆ ಮಾತ್ರ ಅದು ನುಗ್ಗಿ ಹೊಳಪನ್ನು ಮಂಕು ಮಾಡುತ್ತದೆ.

ಇಷ್ಟು ಮಾಡಿದ ಮೇಲೂ ಎರಡು ಗುಂಪುಗಳ ಅಂಚು ಒಂದರ ಮೇಲೊಂದು ಬಿದ್ದೇ ಇರುತ್ತದೆ. ಈಗ ಗೆರೆ ಎಲ್ಲಿ? ತೀರಾ ಬಿಗಿಯಾಗಿ ಎಳೆದರೆ ಶುದ್ಧತೆ 95ಕ್ಕೂ ಮೇಲೆ ಹೋಗುತ್ತದೆ, ಆದರೆ ಒಳ್ಳೆಯ ವೀರ್ಯಾಣುಗಳೂ ಚರಂಡಿಗೆ ಹೋಗುತ್ತವೆ. ಒಂದು ಸ್ಟ್ರಾ ತುಂಬಲು ಹೊತ್ತು ಜಾಸ್ತಿ, ಬೆಲೆ ಜಾಸ್ತಿ. ಲೆಕ್ಕಕ್ಕೆ ಹೇಳೋದಾದರೆ, ಸೆಕೆಂಡಿಗೆ 5,000 ಎಕ್ಸ್ ವೀರ್ಯಾಣು ಆರಿಸಿದರೂ 40 ಲಕ್ಷದ ಒಂದು ಡೋಸಿಗೆ 13 ನಿಮಿಷ ಬೇಕು. ಗೆರೆ ಸಡಿಲ ಬಿಟ್ಟರೆ ಕೆಲಸ ಬೇಗ, ಆದರೆ ಗಂಡು ನುಸುಳುತ್ತದೆ. 90ರ ಆಸುಪಾಸು ಅನ್ನೋದು ಈ ಎರಡರ ನಡುವೆ ವ್ಯಾಪಾರ ಒಪ್ಪಿಕೊಂಡ ಜಾಗ. ಯಂತ್ರದ ಕೈಲಾಗದೆ ಉಳಿದ ಹತ್ತು ಅಂತ ಅದನ್ನು ಓದಬೇಡಿ, ದುಡ್ಡಿನ ಲೆಕ್ಕದಲ್ಲಿ ಬಿಟ್ಟುಕೊಟ್ಟ ಹತ್ತು ಅದು.

ಹೋರಿಕರು ಹುಟ್ಟಿದರೆ ಮೋಸವಾ?

ಒಂದು ಹಸುವಿಗೆ ಈ ಸ್ಟ್ರಾ ಹಾಕಿಸಿ ಗಂಡು ಹುಟ್ಟಿದರೆ ಅದರಿಂದ ಏನೂ ಸಾಬೀತಾಗುವುದಿಲ್ಲ. ಮೂರು ಕರು ಹುಟ್ಟಿದರೆ ಅದರಲ್ಲಿ ಒಂದಾದರೂ ಗಂಡಾಗುವ ಸಾಧ್ಯತೆ 27 ಪರ್ಸೆಂಟ್. ಐದು ಕರುಗಳಲ್ಲಿ 41. ಹತ್ತರಲ್ಲಿ 65. ಅಂದರೆ ಸ್ಟ್ರಾ ನಿಜಕ್ಕೂ 90 ಇದ್ದಾಗಲೂ ಹತ್ತು ಕರು ಕಂಡ ಊರಿನಲ್ಲಿ ಒಂದು ಹೋರಿಕರು ಇರೋದೇ ಸಹಜ. ನೂರು ಕರುಗಳಲ್ಲಿ 25 ಗಂಡಾದರೆ ಆಗ ಕೇಳಲೇಬೇಕು.

ಇನ್ನೊಂದು ಅಂಕಿಯನ್ನು ಜಾಹೀರಾತು ಹೇಳುವುದಿಲ್ಲ. 90 ಅನ್ನೋದು ಹುಟ್ಟಿದ ಕರುಗಳಲ್ಲಿ ಹೆಣ್ಣೆಷ್ಟು ಅನ್ನೋ ಲೆಕ್ಕ, ಹಾಕಿಸಿದ ನೂರು ಸ್ಟ್ರಾಗಳಲ್ಲಿ ಎಷ್ಟು ಗರ್ಭ ಕಟ್ಟಿತು ಅನ್ನೋದು ಬೇರೆ. ಸಾಮಾನ್ಯ ಸ್ಟ್ರಾದಲ್ಲಿ ಸುಮಾರು 2 ಕೋಟಿ ವೀರ್ಯಾಣು ಇರುತ್ತವೆ. ಆರಿಸಿದ ಸ್ಟ್ರಾದಲ್ಲಿ ಸಾಮಾನ್ಯವಾಗಿ 20 ಲಕ್ಷದಿಂದ 40 ಲಕ್ಷ. ಅವೂ ಬಣ್ಣ, ಲೇಸರ್, ಒತ್ತಡ ಎಲ್ಲ ದಾಟಿ ಸುಸ್ತಾಗಿ ಬಂದವು. ಹಾಗಾಗಿ ಗರ್ಭ ಕಟ್ಟುವ ಪ್ರಮಾಣ ಸಾಮಾನ್ಯವಾಗಿ ಕಡಿಮೆ. ಹಳೆಯ ಪ್ರಯೋಗಗಳಲ್ಲಿ ಅದು ಸಾಮಾನ್ಯ ಸ್ಟ್ರಾದ 70ರಿಂದ 80 ಪರ್ಸೆಂಟ್ ಆಸುಪಾಸು ಇರುತ್ತಿತ್ತು, ಈಚೆಗೆ ಸುಧಾರಿಸಿದೆ.

ಒಂದು ಲೆಕ್ಕ ಹಾಕಿ. ಸಾಮಾನ್ಯ ಸ್ಟ್ರಾದಲ್ಲಿ ನೂರಕ್ಕೆ 40 ಕಟ್ಟುತ್ತದೆ ಅಂತಿಟ್ಟುಕೊಳ್ಳಿ, ಹೆಣ್ಣುಕರು 20. ಆರಿಸಿದ ಸ್ಟ್ರಾದಲ್ಲಿ ಅದರ 80 ಪರ್ಸೆಂಟ್, ಅಂದರೆ 32 ಕಟ್ಟುತ್ತದೆ, ಹೆಣ್ಣುಕರು ಸುಮಾರು 29. ಒಂಬತ್ತು ಹೆಣ್ಣುಕರು ಲಾಭ, ಆದರೆ ಎಂಟು ಹಸು ಈ ಸಲ ಖಾಲಿ, ಅವುಗಳ ಹಾಲು ಮುಂದಕ್ಕೆ ಹೋಯಿತು. ಗರ್ಭ ಕಟ್ಟುವ ಪ್ರಮಾಣ ಸಾಮಾನ್ಯದ 56 ಪರ್ಸೆಂಟಿಗಿಂತ ಕೆಳಗಿಳಿದರೆ ಹೆಣ್ಣುಕರುಗಳ ಲಾಭವೂ ಮಾಯ. ಕೊಡಗಿನಲ್ಲಿ ಇದು ಬರೀ ಕಾಗದದ ಲೆಕ್ಕ ಅಲ್ಲ. ಮನೆಗಳು ಚದುರಿವೆ, ತೋಟದ ಒಳಗಿನ ರಸ್ತೆ ಮಳೆಗಾಲದಲ್ಲಿ ಹೇಗಿರುತ್ತದೆ ಅಂತ ಎಲ್ಲರಿಗೂ ಗೊತ್ತು. ಬೆದೆಗೆ ಬಂದದ್ದು ಗೊತ್ತಾಗಿ, ಫೋನ್ ಹೋಗಿ, ದ್ರವ ಸಾರಜನಕದ ಕ್ಯಾನ್ ಹಿಡಿದು ಒಬ್ಬರು ಬರುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ವೀರ್ಯಾಣು ಕಮ್ಮಿ ಇರುವ ಸ್ಟ್ರಾ ಈ ತಡವನ್ನು ಕ್ಷಮಿಸುವುದು ಕಮ್ಮಿ.

ಪರ ಇರುವವರು, ಅನುಮಾನ ಇರುವವರು

ಪರವಾಗಿ ಹೇಳುವವರ ವಾದ ಗಟ್ಟಿಯಾಗಿದೆ. ಗದ್ದೆಗೆ ಟಿಲ್ಲರ್ ಬಂದ ಮೇಲೆ ಹೋರಿಗೆ ಕೆಲಸ ಇಲ್ಲ. ಕರ್ನಾಟಕದ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆಯ ನಂತರ ಬೇಡದ ಗಂಡುಕರುವನ್ನು ದಾಟಿಸುವ ದಾರಿಯೂ ಇಲ್ಲ. ಸಾಕಲೂ ಆಗದು, ಬಿಡಲೂ ಆಗದು. ಹುಟ್ಟೋದೇ ಕಡಿಮೆ ಆದರೆ ಬೀದಿಗೆ ಬೀಳುವುದೂ ಕಡಿಮೆ.

ಅನುಮಾನ ಪಡುವವರು ಹೇಳುವುದರಲ್ಲೂ ಹುರುಳಿದೆ. ಕೊಡಗಿನ ಅನೇಕ ಮನೆಗಳಲ್ಲಿ ದನ ಸಾಕೋದು ಹಾಲಿಗಿಂತ ಗೊಬ್ಬರಕ್ಕೆ, ಕಾಫಿ ತೋಟಕ್ಕೆ. ಸಗಣಿಗೆ ಗಂಡು ಹೆಣ್ಣು ಭೇದ ಇಲ್ಲ. ಗರ್ಭ ನಿಲ್ಲದೆ ಮತ್ತೆ ಮತ್ತೆ ಹಾಕಿಸಬೇಕಾದರೆ ಸಬ್ಸಿಡಿ ಉಳಿಸಿದ ದುಡ್ಡು ಓಡಾಟದಲ್ಲೇ ಹೋಗುತ್ತದೆ. ಕೆಲವೇ ಹೋರಿಗಳ ವೀರ್ಯ ಎಲ್ಲ ಕಡೆ ಹೋದರೆ ತಳಿ ಒಂದೇ ಸಾಲಿಗೆ ಬೀಳುತ್ತದೆ ಅನ್ನೋ ಚಿಂತೆಯೂ ಇದೆ. ಅದು ಸಾಮಾನ್ಯ ಸ್ಟ್ರಾದಲ್ಲೂ ಇರುವ ಚಿಂತೆಯೇ. ನನಗೆ ಕಾಣೋ ಹಾಗೆ, ಮೊದಲ ಸಲ ಗರ್ಭ ಕಟ್ಟಿಸಬೇಕಾದ ಆರೋಗ್ಯವಂತ ಕಡಸು, ಮೈಯಲ್ಲಿ ಸತ್ವ ಇರುವ ಕಡಸು ಆದರೆ ಇದು ಒಳ್ಳೆಯ ಆಯ್ಕೆ. ಎರಡು ಮೂರು ಸಲ ತಿರುಗಿ ಬೆದೆಗೆ ಬಂದ ಹಸುವಿಗೆ ಇದನ್ನು ಹಾಕಿಸೋದು ದುಡ್ಡು ಚೆಲ್ಲೋದು.

ಆಸ್ಪತ್ರೆ ರಿಪೋರ್ಟಿನಲ್ಲೂ ಇದೇ ಕಥೆ

ಒಬ್ಬರೇ ಮನುಷ್ಯ, ಎರಡು ಲ್ಯಾಬು, ಎರಡು ಸಿಡಿ4 ಅಂಕಿ. ಯಾವುದು ಸುಳ್ಳು? ಅನೇಕ ಸಲ ಯಾವುದೂ ಅಲ್ಲ. ಸಿಡಿ4 ಸಂಖ್ಯೆ ದಿನದ ಹೊತ್ತಿಗೆ ತಕ್ಕಂತೆ ಏರಿಳಿಯುತ್ತದೆ, ಬೆಳಗ್ಗೆ ಕಡಿಮೆ, ರಾತ್ರಿ ಹೊತ್ತಿಗೆ ಜಾಸ್ತಿ. ಇನ್ನೊಂದು ಕಾರಣ ಎಣಿಸುವ ರೀತಿ. ಕೆಲವು ಲ್ಯಾಬುಗಳು ಫ್ಲೋ ಯಂತ್ರದಿಂದ ಪರ್ಸೆಂಟ್ ಮಾತ್ರ ತೆಗೆದು, ಬಿಳಿ ರಕ್ತಕಣಗಳ ಲೆಕ್ಕವನ್ನು ಬೇರೆ ಯಂತ್ರದಿಂದ ತಂದು ಗುಣಿಸುತ್ತವೆ. ಆಗ ಎರಡು ಯಂತ್ರಗಳ ತಪ್ಪೂ ಸೇರಿಕೊಳ್ಳುತ್ತದೆ. ಇನ್ನು ಕೆಲವು ಲ್ಯಾಬುಗಳು ಎಣಿಕೆ ಗೊತ್ತಿರುವ ಸೂಕ್ಷ್ಮ ಮಣಿಗಳನ್ನು ರಕ್ತಕ್ಕೆ ಸೇರಿಸಿ ಒಂದೇ ಯಂತ್ರದಲ್ಲಿ ನೇರವಾಗಿ ಎಣಿಸುತ್ತವೆ. ಏರಿತೋ ಇಳಿಯಿತೋ ಅಂತ ನೋಡುವವರು ಒಂದೇ ಲ್ಯಾಬಿನಲ್ಲಿ, ಹೆಚ್ಚುಕಮ್ಮಿ ಅದೇ ಹೊತ್ತಿಗೆ ಮಾಡಿಸೋದು ಜಾಣತನ. ಭಾರತದಲ್ಲಿ 2017ರಿಂದ ಎಚ್‌ಐವಿ ಇರುವ ಎಲ್ಲರಿಗೂ ಸಿಡಿ4 ಎಷ್ಟೇ ಇರಲಿ ಔಷಧಿ ಶುರು ಮಾಡುತ್ತಾರೆ, ಹಾಗಾಗಿ ಆ ಅಂಕಿಗಾಗಿ ಔಷಧಿ ಕಾಯುವ ಕಾಲ ಹೋಯಿತು. ಆದರೂ 200ಕ್ಕಿಂತ ಕೆಳಗಿದೆಯಾ ಅಂತ ನೋಡೋದು ಬೇರೆ ಸೋಂಕುಗಳ ಅಪಾಯ ಅರಿಯಲು ಈಗಲೂ ಬೇಕು.

ರಕ್ತ ಕ್ಯಾನ್ಸರಿನಲ್ಲಿ ಗೊಂದಲದ ಪದ ‘ಎಂಆರ್‌ಡಿ ನೆಗೆಟಿವ್’. ಚಿಕಿತ್ಸೆ ನಂತರ ಉಳಿದ ಕ್ಯಾನ್ಸರ್ ಕೋಶ ಕಾಣಲಿಲ್ಲ ಅಂತ ಇದರ ಅರ್ಥ. 2024ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಸಲಹಾ ಸಮಿತಿ, ಅಸ್ಥಿಮಜ್ಜೆಯ ಕ್ಯಾನ್ಸರ್ ಆದ ಮಲ್ಟಿಪಲ್ ಮೈಲೋಮಾದ ಔಷಧಿ ಪ್ರಯೋಗಗಳಲ್ಲಿ ಇದನ್ನು ಅಳತೆಯಾಗಿ ಬಳಸಬಹುದು ಅಂತ 12-0 ಮತದಲ್ಲಿ ಹೇಳಿದ ಮೇಲೆ ಈ ಪದ ಇನ್ನಷ್ಟು ಓಡಾಡುತ್ತಿದೆ. ಆದರೆ ‘ಕಾಣಲಿಲ್ಲ’ ಅನ್ನೋದು ಎಷ್ಟು ಹುಡುಕಿದಿರಿ ಅನ್ನೋದರ ಮೇಲೆ ನಿಂತಿದೆ. ಹತ್ತು ಸಾವಿರಕ್ಕೆ ಒಂದು ಕೋಶ ಇದೆ, ನೀವು 50,000 ಕೋಶ ನೋಡಿದಿರಿ ಅನ್ನಿ. ಸಿಗಬೇಕಾದದ್ದು ಐದು. ಐದು ಚುಕ್ಕೆ ನಂಬೋದು ಹೇಗೆ? ಧೂಳು, ಅಂಟಿಕೊಂಡ ಜೋಡಿ ಕೋಶ, ಏನು ಬೇಕಾದರೂ ಇರಬಹುದು. ನಂಬಿಕೆಯಿಂದ ಅಂಕಿ ಹೇಳಲು 50 ಚುಕ್ಕೆ ಬೇಕು ಅಂತಿಟ್ಟುಕೊಂಡರೆ 5 ಲಕ್ಷ ಕೋಶ ಓಡಿಸಬೇಕು. ಲಕ್ಷಕ್ಕೆ ಒಂದನ್ನು ಹಿಡಿಯಲು 50 ಲಕ್ಷ. ಆದ್ದರಿಂದ ನೆಗೆಟಿವ್ ಅನ್ನೋ ಪದದ ಪಕ್ಕದಲ್ಲಿ ಎಷ್ಟು ಕೋಶ ನೋಡಿದರು, ಎಲ್ಲಿಯವರೆಗೆ ಹಿಡಿಯಬಲ್ಲ ಪರೀಕ್ಷೆ ಅನ್ನೋ ಎರಡು ಅಂಕಿ ಇಲ್ಲದಿದ್ದರೆ ಆ ರಿಪೋರ್ಟು ಅಪೂರ್ಣ. ಅಸ್ಥಿಮಜ್ಜೆ ತೆಗೆಯುವಾಗ ಮೊದಲ ಎಳೆತದ ಮಾದರಿಯೇ ಬೇಕು, ಆಮೇಲಿನದರಲ್ಲಿ ಮಾಮೂಲಿ ರಕ್ತ ಬೆರೆತು ತೆಳುವಾಗಿರುತ್ತದೆ.

ಕೊಡಗಿನಿಂದ ಹೋಗುವ ಮಾದರಿಗಳಿಗೆ ಇನ್ನೊಂದು ತಲೆನೋವು ದಾರಿ. ರೈಲಿಲ್ಲ, ಮೈಸೂರೋ ಮಂಗಳೂರೋ ಬೆಂಗಳೂರೋ ರಸ್ತೆಯಲ್ಲೇ ಹೋಗಬೇಕು, 2018ರ ಭೂಕುಸಿತದಲ್ಲಿ ಸಂಪಾಜೆ ಘಾಟಿ ರಸ್ತೆ ಮುಚ್ಚಿಹೋದದ್ದನ್ನು ಮರೆತವರಿಲ್ಲ. ತಡವಾದಷ್ಟೂ ಕೋಶ ಸಾಯುತ್ತವೆ, ಸತ್ತ ಕೋಶಗಳು ಬೇಡದ ಬಣ್ಣವನ್ನೆಲ್ಲ ಅಂಟಿಸಿಕೊಂಡು ಸುಳ್ಳು ಹೊಳಪು ಕೊಡುತ್ತವೆ. ಒಳ್ಳೆಯದಾಗಲಿ ಅಂತ ರಕ್ತವನ್ನು ಐಸ್ ಮೇಲೆ ಇಟ್ಟು ಕಳಿಸುವುದೂ ತಪ್ಪು. ಸಿಡಿ4ನಂಥ ಪರೀಕ್ಷೆಗೆ ರಕ್ತ ಕೋಣೆಯ ಉಷ್ಣತೆಯಲ್ಲೇ ಇರಬೇಕು, ಸಾಮಾನ್ಯವಾಗಿ 48 ಗಂಟೆಯೊಳಗೆ ಓಡಿಸಬೇಕು.

ಕಾಫಿ ಎಲೆ ಕೊಡುವ ಎಚ್ಚರಿಕೆ

ಅರೇಬಿಕಾದಲ್ಲಿ 44 ಕ್ರೋಮೋಸೋಮ್, ರೋಬಸ್ಟಾದಲ್ಲಿ 22. ಕೊಡಗಿನಲ್ಲೇ ಸಿಕ್ಕ ದೇವಮಾಚಿಯಂಥ ಸಹಜ ಮಿಶ್ರತಳಿಗಳ ಬಗ್ಗೆ ಕುತೂಹಲ ಇರುವವರಿಗೆ, ಚೆಟ್ಟಳ್ಳಿ ಕಡೆ ತಳಿ ಕೆಲಸ ನೋಡಿದ ವಿದ್ಯಾರ್ಥಿಗಳಿಗೆ, ಫ್ಲೋ ಸೈಟೋಮೆಟ್ರಿ ದೊಡ್ಡ ಆಸೆ ಹುಟ್ಟಿಸುತ್ತದೆ. ಎಳೆ ಎಲೆಯನ್ನು ಬಫರ್ ದ್ರಾವಣದಲ್ಲಿ ಬ್ಲೇಡಿನಿಂದ ಕೊಚ್ಚಿ, ಸೋಸಿ, ಕೋಶಕೇಂದ್ರಗಳಿಗೆ ಬಣ್ಣ ಹಾಕಿ ಓಡಿಸಿದರೆ ಡಿಎನ್‌ಎ ಎಷ್ಟಿದೆ ಅಂತ ಕೆಲವೇ ನಿಮಿಷದಲ್ಲಿ ಕಾಣುತ್ತದೆ. ಗಾಲ್‌ಬ್ರೈತ್ ತಂಡ 1983ರಲ್ಲಿ ತೋರಿಸಿದ ದಾರಿ ಇದು. ಅರೇಬಿಕಾ ರೋಬಸ್ಟಾ ನೇರ ಮಿಶ್ರದ ಮೊದಲ ತಲೆಮಾರು 33 ಕ್ರೋಮೋಸೋಮಿನದ್ದಾದರೆ ಗ್ರಾಫಿನಲ್ಲಿ ಅದರ ಶಿಖರ ಎರಡರ ನಡುವೆ ಬರುತ್ತದೆ. ಇಷ್ಟು ದೊಡ್ಡ ವ್ಯತ್ಯಾಸ ನೋಡಲು ಸಿವಿ 5 ಇದ್ದರೂ ನಡೆಯುತ್ತದೆ.

ಆದರೆ ಎರಡು ರೋಬಸ್ಟಾ ಗಿಡಗಳ ನಡುವೆ 3-4 ಪರ್ಸೆಂಟ್ ಡಿಎನ್‌ಎ ವ್ಯತ್ಯಾಸ ಕಂಡೆ ಅಂತ ಯಾರಾದರೂ ಹೇಳಿದರೆ ಅನುಮಾನ ಪಡಿ. ಹರಡಿನ ಲೆಕ್ಕ ಮೇಲೆ ನೋಡಿದಿರಲ್ಲ. ಅದರ ಜೊತೆ ಕಾಫಿಗೇ ಸೇರಿದ ಇನ್ನೊಂದು ತೊಡಕಿದೆ. ಎಲೆಯೊಳಗಿನ ಕೆಫೀನ್ ಮತ್ತು ಕ್ಲೋರೋಜೆನಿಕ್ ಆಮ್ಲ, ಬಣ್ಣ ಡಿಎನ್‌ಎ ತಲುಪುವುದನ್ನೇ ಏರುಪೇರು ಮಾಡುತ್ತವೆ ಅಂತ ನ್ವಾರೋ ತಂಡ 2003ರಲ್ಲಿ ತೋರಿಸಿತು. ಅಂದರೆ ಡಿಎನ್‌ಎ ಒಂದೇ ಇದ್ದರೂ ಎಲೆಯ ರಸ ಬೇರೆ ಆದ್ದರಿಂದ ಅಂಕಿ ಬೇರೆ ಬರಬಹುದು. ಅದಕ್ಕೇ ಟೊಮೆಟೊ ಅಥವಾ ಬಟಾಣಿಯಂಥ ಗೊತ್ತಿರುವ ಗಿಡದ ಎಲೆಯನ್ನು ಅದೇ ತಟ್ಟೆಯಲ್ಲಿ ಒಟ್ಟಿಗೆ ಕೊಚ್ಚಬೇಕು, ಬಫರಿಗೆ ಇಂಥ ಆಮ್ಲಗಳನ್ನು ಹಿಡಿದಿಡುವ ಪಿವಿಪಿಯಂಥದ್ದನ್ನು ಸೇರಿಸಬೇಕು, ಒಂದೇ ಗಿಡವನ್ನು ಬೇರೆ ಬೇರೆ ದಿನ ಅಳೆಯಬೇಕು, ಪ್ರತಿ ಸಲ ಕನಿಷ್ಠ 5,000 ಕೋಶಕೇಂದ್ರ. ಪ್ರೊಪಿಡಿಯಂ ಅಯೋಡೈಡ್ ಬಳಸಿದರೆ ಆರ್‌ಎನ್‌ಎ ಕಿತ್ತುಹಾಕುವ ಆರ್‌ಎನ್‌ಏಸ್ ಬೇಕೇ ಬೇಕು, ಯಾಕೆಂದರೆ ಆ ಬಣ್ಣ ಆರ್‌ಎನ್‌ಎಗೂ ಅಂಟುತ್ತದೆ.

ಪ್ರಯೋಗ ಮಾಡುವವರಿಗೆ

ಮಡಿಕೇರಿಯ ವೈದ್ಯಕೀಯ ಕಾಲೇಜಿನವರೋ ಪೊನ್ನಂಪೇಟೆಯ ಅರಣ್ಯ ಕಾಲೇಜಿನವರೋ ಬೆಂಗಳೂರಿನ ಯಾವುದೋ ದೊಡ್ಡ ಸಂಸ್ಥೆಯ ಯಂತ್ರಕ್ಕೆ ಗಂಟೆ ಲೆಕ್ಕದಲ್ಲಿ ದುಡ್ಡು ಕಟ್ಟಿ ಹೋಗುವಾಗ, ಯಂತ್ರದ ಮುಂದೆ ಕೂತ ಮೇಲೆ ಯೋಚನೆ ಶುರು ಮಾಡಿದರೆ ಕೆಲಸ ಕೆಟ್ಟಂತೆಯೇ. ಯಾವ ಕೋಶ, ಎಷ್ಟು ಅಪರೂಪ, ಎಷ್ಟು ವ್ಯತ್ಯಾಸ ಕಂಡರೆ ನಂಬುತ್ತೀರಿ, ಇದನ್ನು ಹೊರಡುವ ಮೊದಲೇ ಬರೆದಿಡಬೇಕು. ಎಷ್ಟು ಕೋಶ ಓಡಿಸಬೇಕು ಅನ್ನೋದು ಇದರಿಂದಲೇ ಬರುತ್ತದೆ. ಗೇಟಿನೊಳಗೆ 20 ಚುಕ್ಕೆ ಇದ್ದರೆ ಎಣಿಕೆಯ ಅನಿಶ್ಚಿತತೆಯೇ 22 ಪರ್ಸೆಂಟ್, 100 ಇದ್ದರೆ 10.

ಬಣ್ಣ ಹಂಚುವಾಗ, ಕೋಶದ ಮೇಲೆ ಕಮ್ಮಿ ಇರುವ ಗುರುತಿಗೆ (ಕೋಶವನ್ನು ಗುರುತಿಸಲು ನೋಡುವ ಪ್ರೋಟೀನಿಗೆ) ಜೋರಾಗಿ ಹೊಳೆಯುವ ಬಣ್ಣ ಕೊಡಿ, ಧಾರಾಳ ಇರುವುದಕ್ಕೆ ಮಂಕಾದದ್ದು ಸಾಕು. ಬಣ್ಣ ಹೊತ್ತು ಆ ಗುರುತಿಗೆ ಅಂಟುವ ಆಂಟಿಬಾಡಿಯನ್ನು ಡಬ್ಬಿ ಮೇಲೆ ಬರೆದಷ್ಟು ಸುರಿಯಬೇಡಿ. ಅಳತೆ ಇಳಿಸುತ್ತಾ ಹೋಗಿ, ಪಾಸಿಟಿವ್ ನೆಗೆಟಿವ್ ಚೆನ್ನಾಗಿ ಬೇರೆಯಾಗುವ ಜಾಗ ಹುಡುಕಿ. ದುಡ್ಡೂ ಉಳಿಯುತ್ತದೆ, ಹಿನ್ನೆಲೆಯ ಹೊಳಪೂ ಇಳಿಯುತ್ತದೆ. ಸತ್ತ ಕೋಶ ಗುರುತಿಸುವ ಬಣ್ಣವನ್ನು ಬಿಡಲೇಬಾರದು, ನಮ್ಮ ದೂರಕ್ಕಂತೂ.

ಹೋಲಿಸಿ ನೋಡಲು ಇಡುವ ಕಂಟ್ರೋಲ್ ಟ್ಯೂಬುಗಳಲ್ಲಿ ಜನ ಕಂಜೂಸುತನ ಮಾಡುತ್ತಾರೆ, ಅಲ್ಲೇ ಹಾಳಾಗೋದು. ಒಂದು ಬಣ್ಣದ ಬೆಳಕು ಪಕ್ಕದ ಡಿಟೆಕ್ಟರಿಗೂ ಸೋರುತ್ತದೆ, ಫಿಟ್ಸ್ ಅನ್ನೋ ಬಣ್ಣದ ಬೆಳಕು ಪಿಇ ಅನ್ನೋ ಬಣ್ಣದ ಡಿಟೆಕ್ಟರಿಗೆ ಸೋರುವ ಹಾಗೆ. ಎಷ್ಟು ಸೋರುತ್ತದೆ ಅಂತ ತಿಳಿಯಲು ಪ್ರತಿ ಬಣ್ಣಕ್ಕೂ ಒಂದೇ ಬಣ್ಣ ಹಾಕಿದ ಟ್ಯೂಬ್ ಬೇಕು. ಅದೇ ಬಣ್ಣ ಇರಬೇಕು, ಮಾದರಿಯಷ್ಟಾದರೂ ಹೊಳೆಯಬೇಕು. ಅದನ್ನು ಕಳೆಯೋದಕ್ಕೆ ಕಾಂಪನ್ಸೇಷನ್ ಅಂತಾರೆ. ಇಲ್ಲಿ ಜನ ಮರೆಯುವ ಮಾತು: ಕಳೆದ ಮೇಲೆ ಸರಾಸರಿ ಸರಿಹೋಗುತ್ತದೆ, ಹರಡು ಹೋಗುವುದಿಲ್ಲ. ಜೋರು ಬಣ್ಣದ ಪಕ್ಕದಲ್ಲಿ ನೆಗೆಟಿವ್ ಗುಂಪು ಉಬ್ಬಿಕೊಂಡೇ ಇರುತ್ತದೆ. ಹಾಗಾದರೆ ನೆಗೆಟಿವ್ ಎಲ್ಲಿಗೆ ಮುಗಿಯಿತು? ಅದಕ್ಕೆ ಎಫ್‌ಎಂಓ, ಅಂದರೆ ಆ ಒಂದು ಬಣ್ಣ ಬಿಟ್ಟು ಉಳಿದೆಲ್ಲ ಹಾಕಿದ ಟ್ಯೂಬ್. ಗೆರೆ ಎಳೆಯಲು ಇದಕ್ಕಿಂತ ಒಳ್ಳೆಯ ಆಧಾರ ಸಾಮಾನ್ಯವಾಗಿ ಸಿಗದು, ಐಸೋಟೈಪ್ ಕಂಟ್ರೋಲ್ (ಆ ಗುರುತಿಗೆ ಅಂಟದ ಆಂಟಿಬಾಡಿ ಹಾಕಿದ ಟ್ಯೂಬ್) ನೋಡಿ ಗೆರೆ ಎಳೆಯುವ ಹಳೆಯ ಅಭ್ಯಾಸ ಬಿಡೋದು ವಾಸಿ. ಒಮ್ಮೆ ಕಾಂಪನ್ಸೇಷನ್ ಮಾಡಿದ ಮೇಲೆ ಡಿಟೆಕ್ಟರ್ ವೋಲ್ಟೇಜ್ ಮುಟ್ಟಬೇಡಿ.

ವಿಶ್ಲೇಷಣೆಯಲ್ಲಿ ಎಡವೋದು ಎಲ್ಲಿ

ಮೊದಲು ಸಮಯದ ಗ್ರಾಫ್ ನೋಡಿ, ಧಾರೆ ನಡುವೆ ಗುಳ್ಳೆ ಬಂದಿದ್ದರೆ ಆ ಭಾಗ ತೆಗೆಯಿರಿ. ಆಮೇಲೆ ಜೋಡಿ ಕೋಶಗಳು, ಆಮೇಲೆ ಸತ್ತವು, ಆಮೇಲೆ ನಿಮ್ಮ ಕೋಶ. ಈ ಸಾಲು ಎಲ್ಲ ಮಾದರಿಗೂ ಒಂದೇ ಇರಬೇಕು. ಒಂದೊಂದು ಮಾದರಿಗೆ ಒಂದೊಂದು ಕಡೆ ಗೆರೆ ಸರಿಸಿದರೆ ನಿಮಗೆ ಬೇಕಾದ ಉತ್ತರ ಸಿಕ್ಕೇ ಸಿಗುತ್ತದೆ, ಅದೇ ಅದರ ಅಪಾಯ. ಆಗೋದಾದರೆ ಯಾವ ಮಾದರಿ ಯಾರದ್ದು ಅಂತ ಗೊತ್ತಿಲ್ಲದವರ ಕೈಲಿ ಗೆರೆ ಎಳೆಸಿ.

ಸಂಖ್ಯಾಶಾಸ್ತ್ರದಲ್ಲಿ ದೊಡ್ಡ ತಪ್ಪು ಒಂದು. ಎರಡು ಗುಂಪಿನಲ್ಲಿ ಲಕ್ಷ ಲಕ್ಷ ಕೋಶ ಇದೆ ಅಂತ ಅವುಗಳನ್ನೇ ಹೋಲಿಸಿದರೆ ಎಂಥ ಸಣ್ಣ ವ್ಯತ್ಯಾಸವೂ ಮಹತ್ವದ್ದು ಅಂತ ಬರುತ್ತದೆ. ಮೂರು ಜನರ ರಕ್ತ ಅಂದರೆ ಮಾದರಿ ಮೂರೇ, ಮೂರು ಲಕ್ಷ ಅಲ್ಲ. ಹೊಳಪು ಹೇಳುವಾಗ ಸರಾಸರಿಗಿಂತ ಮಧ್ಯಾಂಕ ಒಳ್ಳೆಯದು, ಕೆಲವೇ ಜೋರು ಚುಕ್ಕೆಗಳು ಸರಾಸರಿಯನ್ನು ಎಳೆದುಬಿಡುತ್ತವೆ. ಹಲವು ಬಣ್ಣಗಳ ಅಂಕಿಗಳನ್ನು ಒಂದೇ ನಕ್ಷೆಗೆ ಇಳಿಸುವ ಟಿಸ್ನಿ, ಯುಮ್ಯಾಪ್ ಚಿತ್ರಗಳು ನೋಡಲು ಚೆಂದ, ಹುಡುಕಾಟಕ್ಕೆ ಸರಿ, ಆದರೆ ಅವುಗಳಲ್ಲಿ ಎರಡು ದ್ವೀಪಗಳ ನಡುವಿನ ದೂರವನ್ನು ಅಳತೆಯಂತೆ ಓದಬೇಡಿ. ಯಂತ್ರ ಕೊಟ್ಟ ಮೂಲ ಎಫ್‌ಸಿಎಸ್ ಫೈಲುಗಳನ್ನು ಇಟ್ಟುಕೊಳ್ಳಿ, ನಾಳೆ ಇನ್ನೊಬ್ಬರು ನಿಮ್ಮ ಗೆರೆ ಒಪ್ಪದಿದ್ದರೆ ಅವರ ಗೆರೆ ಎಳೆದು ನೋಡಲಿ.

ಮುಂದೆ ಏನಾಗಬಹುದು

ಬೆಲೆ ಇಳಿದರೆ ಲಿಂಗ ನಿರ್ಧರಿತ ಸ್ಟ್ರಾ ಕೊಡಗಿಗೂ ಜಾಸ್ತಿ ಬರುತ್ತದೆ. ಆಗ ಎರಡು ತರಹದ ಮಾತು ಹುಟ್ಟುತ್ತದೆ. ನಾಲ್ಕು ಮನೆಯಲ್ಲಿ ಗರ್ಭ ನಿಲ್ಲದಿದ್ದರೆ ‘ಇದು ಕೆಲಸಕ್ಕೆ ಬಾರದು’ ಅಂತ, ನಾಲ್ಕು ಹೆಣ್ಣುಕರು ಹುಟ್ಟಿದರೆ ‘ನೂರಕ್ಕೆ ನೂರು’ ಅಂತ. ಎರಡಕ್ಕೂ ಉತ್ತರ ಕೊಡುವ ಮಾಹಿತಿ ಕೈಯಲ್ಲೇ ಇದೆ. ಕಿವಿಗೆ ಹಳದಿ ಓಲೆ ಹಾಕಿದ ದನಕ್ಕೆ 12 ಅಂಕಿಯ ಗುರುತು ಇದೆ, ಕೃತಕ ಗರ್ಭಧಾರಣೆಯನ್ನು ಭಾರತ್ ಪಶುಧನ್ ವ್ಯವಸ್ಥೆಯಲ್ಲಿ ದಾಖಲಿಸುತ್ತಾರೆ. ಹಾಕಿದ ಸ್ಟ್ರಾ ಎಷ್ಟು, ಅದರಲ್ಲಿ ಗರ್ಭ ಎಷ್ಟು, ಹುಟ್ಟಿದ ಕರು ಎಷ್ಟು, ಹೆಣ್ಣು ಎಷ್ಟು. ಈ ನಾಲ್ಕನ್ನೂ ತಾಲೂಕುವಾರು, ಸಾಮಾನ್ಯ ಸ್ಟ್ರಾದ ಪಕ್ಕದಲ್ಲಿ, ಕಡಸು ಬೇರೆ ಹಸು ಬೇರೆ ಮಾಡಿ ಗ್ರಾಮಸಭೆಯಲ್ಲೋ ಡೇರಿ ಸಂಘದ ಸಭೆಯಲ್ಲೋ ಪಶು ವೈದ್ಯರ ಹತ್ತಿರ ಕೇಳಬಹುದು. ಕರು ಹುಟ್ಟಿದ ಮೇಲೆ ಗಂಡೋ ಹೆಣ್ಣೋ ಅಂತ ಫೋನ್ ಮಾಡಿ ಬರೆಸುವುದು ಮಾತ್ರ ಮನೆಯವರೇ ಮಾಡಬೇಕಾದ ಕೆಲಸ, ಹೋರಿಕರು ಹುಟ್ಟಿದಾಗಲೂ.